ಏಳು ಮಂದಿಗೆ ಒಂದು ಡೀಸೆಲ್ ಗಾಡಿ: ಮೂರನೇ ಸಾಲಿನ್ಯಾಗ ಕುಂತವರ ಮೊಣಕಾಲಿನ ಲೆಕ್ಕ

ನವನಗರ_ಸೆಕ್ಟರ್ (ಬಾಗಲಕೋಟೆ)

ನಮಸ್ಕಾರ್ರಿ ಎಲ್ಲಾರಿಗೂ. ಮನ್ಯಾಗ ಏಳು ಮಂದಿ. ಎಪ್ಪತ್ತು ದಾಟಿದವರು ಇಬ್ಬರು, ಅದರಾಗ ಒಬ್ಬರಿಗೆ ಮೊಣಕಾಲು ನೋವು. ನಡುವಯಸ್ಸಿನವರು ಮೂವರು. ಮಕ್ಕಳು ಇಬ್ಬರು, 6 ಮತ್ತು 11 ವರ್ಷ. ತಿಂಗಳಿಗೆ 1,800 ಕಿ.ಮೀ. ಆಸುಪಾಸು ಓಡಾಟ. ಅರ್ಧ ಊರಾಗ, ಉಳಿದದ್ದು ಲೋಕಾಪುರ–ಯರಗಟ್ಟಿ ಮ್ಯಾಲೆ ಬೆಳಗಾವಿ, ಕೊಲ್ಹಾರ ಮ್ಯಾಲೆ ವಿಜಯಪುರ, ಆಗಾಗ ಸವದತ್ತಿ. ಡೀಸೆಲ್ಲೇ ಬೇಕು ಅಂತ ನಿಕ್ಕಿ ಆಗೇತಿ.

ಕಣ್ಣಾಗ ಇರೋದು ಮೂರು: ಸೆಕೆಂಡ್ ಹ್ಯಾಂಡ್ ಇನ್ನೋವಾ ಕ್ರಿಸ್ಟಾ 2.4, ಕಿಯಾ ಕಾರೆನ್ಸ್ 1.5 ಡೀಸೆಲ್, ಸೆಕೆಂಡ್ ಹ್ಯಾಂಡ್ ಮಹಿಂದ್ರಾ ಮರಾಝೊ. ಮೈಲೇಜು, ರೀಸೇಲು ಬ್ಯಾಡ, ಅದನ್ನ ಓದಿ ಓದಿ ತಲಿ ಕೆಟ್ಟೈತಿ. ಒಳಗ ಕುಂತವರಿಗೆ ಆರಾಮ ಎಷ್ಟು, ಗಾಡಿ ಕಟ್ಟಿದ ರೀತಿಯಾಗ ಶಾಣ್ಯಾತನ ಎಷ್ಟು, ಅಷ್ಟು ಹೇಳ್ರಿ.

ಮಲಪ್ರಭಾ_ದಂಡಿ (ಬೆಳಗಾವಿ ಜಿಲ್ಲೆ)

ಮೊದಲು ಒಂದು ಅಳತೆ ಟೇಪು ಕಿಸೆಯಲ್ಲಿ ಇಟ್ಟುಕೊಳ್ಳಿ. ಶೋರೂಮಿನಲ್ಲಿ ಎಲ್ಲರೂ ಡ್ರೈವರ್ ಸೀಟಿನಲ್ಲಿ ಕೂತು ಸ್ಟೇರಿಂಗ್ ಹಿಡಿದು ನೋಡುತ್ತಾರೆ. ಏಳು ಮಂದಿಯ ಗಾಡಿಯನ್ನು ಕೊನೆಯ ಸಾಲಿನಿಂದ ಮುಂದಕ್ಕೆ ನೋಡುತ್ತ ಬರಬೇಕು.

ನೀವು ಹೇಳಿದ ಮೂರರ ಉದ್ದ ಮತ್ತು ಮುಂದಿನ-ಹಿಂದಿನ ಗಾಲಿಗಳ ನಡುವಿನ ಅಂತರ ಹೀಗಿದೆ. ಕ್ರಿಸ್ಟಾ 4,735 ಮಿ.ಮೀ. ಉದ್ದ, ಗಾಲಿ ಅಂತರ 2,750. ಕಾರೆನ್ಸ್ 4,540, ಅಂತರ 2,780. ಮರಾಝೊ 4,585, ಅಂತರ 2,760. ಸುಮಾರು 20 ಸೆಂ.ಮೀ. ಚಿಕ್ಕದಾದ ಕಾರೆನ್ಸ್‌ಗೆ ಗಾಲಿ ಅಂತರ ಮಾತ್ರ ಹೆಚ್ಚು. ಕಾರಣ ಎಂಜಿನ್ ಕೂತಿರುವ ರೀತಿ. ಕ್ರಿಸ್ಟಾದಲ್ಲಿ ಎಂಜಿನ್ ಉದ್ದಕ್ಕೆ ಮಲಗಿದೆ, ಹಿಂದಿನ ಗಾಲಿ ಎಳೆಯುತ್ತದೆ. ಹಾಗಾಗಿ ಮೂತಿಗೆ ಜಾಗ ಹೋಯಿತು, ಕೆಳಗೆ ಚಾಸಿ (ಬೇರೆಯಾದ ಉಕ್ಕಿನ ಚೌಕಟ್ಟು) ಮತ್ತು ಹಿಂದಿನ ಗಾಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹಾದುಹೋಗಿದ್ದರಿಂದ ನೆಲ ಮೇಲಕ್ಕೆ ಬಂತು. ಕಾರೆನ್ಸ್‌ನಲ್ಲಿ ಎಂಜಿನ್ ಅಡ್ಡ ಕೂತಿದೆ, ಮುಂದಿನ ಗಾಲಿ ಎಳೆಯುತ್ತದೆ, ಬೇರೆ ಚಾಸಿ ಇಲ್ಲ, ನೆಲ ತಗ್ಗು. ಮರಾಝೊ ಇವೆರಡರ ನಡುವಿನ ತಳಿ: ಚಾಸಿ ಇದೆ, ಆದರೆ ಮುಂದಿನ ಗಾಲಿ ಎಳೆಯುತ್ತದೆ. ಅಗಲ 1,866 ಮಿ.ಮೀ., ಮೂರರಲ್ಲೂ ಹೆಚ್ಚು. ನಡುಸಾಲಿನಲ್ಲಿ ಮೂವರು ಭುಜಕ್ಕೆ ಭುಜ ತಾಗದೆ ಕೂರುವುದಾದರೆ ಅದರಲ್ಲೇ.

ಈಗ ಅಳತೆ. ಮನೆಯ ಕುರ್ಚಿ ನೆಲದಿಂದ 17–18 ಇಂಚು ಎತ್ತರ ಇರುತ್ತದೆ. ಅದರ ಮೇಲೆ ಕೂತರೆ ತೊಡೆ ಪೂರ್ತಿ ಸೀಟಿಗೆ ತಾಗಿರುತ್ತದೆ. ಮೂರನೇ ಸಾಲಿನಲ್ಲಿ, ನೀವು ಕಾಲಿಡುವ ನೆಲದಿಂದ ಸೀಟಿನ ಮುಂದಿನ ಅಂಚಿನವರೆಗೆ ಟೇಪು ಹಿಡಿಯಿರಿ. 12 ಇಂಚಿಗಿಂತ ಕಡಿಮೆ ಬಂದರೆ ಮೊಣಕಾಲು ಎದೆಗೆ ಬರುತ್ತದೆ, ಮೈಯ ಭಾರವೆಲ್ಲ ಕುಂಡಿಯ ಮೇಲೆ ಬೀಳುತ್ತದೆ. ಅರ್ಧ ತಾಸಿಗೆ ಸೊಂಟ ಹಿಡಿಯುವುದು ಇದಕ್ಕೇ, ಸೀಟಿನ ಫೋಮ್ ಗಟ್ಟಿ ಅಂತಲ್ಲ. ಎರಡನೇ ಸಾಲನ್ನು ಎಲ್ಲ ಹಿಂದಕ್ಕೆ ತಳ್ಳಿ ಒಮ್ಮೆ, ನಿಮ್ಮ ಎತ್ತರದವರಿಗೆ ಹೊಂದಿಸಿ ಒಮ್ಮೆ ಅಳೆಯಿರಿ. ಮೊಣಕಾಲಿನ ಮುಂದೆ ನಾಲ್ಕು ಬೆರಳು ಜಾಗ ಉಳಿಯಬೇಕು.

ಮೊಣಕಾಲು ನೋವಿನವರಿಗೆ ಇನ್ನೊಂದು ಅಳತೆ ಬೇಕು: ರಸ್ತೆಯಿಂದ ಎರಡನೇ ಸಾಲಿನ ಸೀಟಿನ ಮೇಲ್ಮೈವರೆಗೆ. ಅವರು ನಿಂತಾಗ ಕುಂಡಿ ಎಷ್ಟು ಎತ್ತರದಲ್ಲಿದೆಯೋ ಅದಕ್ಕಿಂತ ಒಂದೆರಡು ಇಂಚು ತಗ್ಗಿದ್ದರೆ ಸುಮ್ಮನೆ ಜಾರಿ ಕೂರಬಹುದು. ಅದಕ್ಕಿಂತ ಮೇಲಿದ್ದರೆ ಹತ್ತಬೇಕು, ಬಹಳ ಕೆಳಗಿದ್ದರೆ ಇಳಿಯುವಾಗ ಏಳಲಾಗುವುದಿಲ್ಲ. ಜನ ಹತ್ತುವುದನ್ನಷ್ಟೇ ನೋಡುತ್ತಾರೆ. ಮುದುಕರಿಗೆ ಕಷ್ಟ ಇಳಿಯುವುದು.

ಎನ್‌ಎಚ್_52 (ವಿಜಯಪುರ)

ಅಕ್ಕಾರ ಹೇಳಿದ್ದು ಖರೆ ಅದ, ಆದ್ರ ಕ್ರಿಸ್ಟಾದ ನೆಲ ಎತ್ತರ ಅಂತ ಅದನ್ನ ಕೈ ಬಿಡಬ್ಯಾಡ್ರಿ. ಕಂಬಕ್ಕ ಹಿಡಿಕಿ ಅದಾವ, ಬಾಗಿಲ ದೊಡ್ಡದು, ಹಿಡಕೊಂಡು ಹತ್ತಾಕ ಬರತದ. ಎಂಜಿನ್ ಲೆಕ್ಕ ನೋಡ್ರಿ: ಕ್ರಿಸ್ಟಾ ಮ್ಯಾನುಯಲ್ 2,393 ಸಿಸಿ, 343 ಎನ್‌ಎಂ ಟಾರ್ಕು (ಎಳಿಯೂ ತಾಕತ್ತು) 1,400 ಆರ್‌ಪಿಎಂದಿಂದಲೇ ಸಿಗತದ. ಮರಾಝೊ 1.5 ಲೀಟರ್, 300 ಎನ್‌ಎಂ. ಕಾರೆನ್ಸ್ 250 ಎನ್‌ಎಂ. ಏಳು ಮಂದಿ, ಎಸಿ ಫುಲ್, ಡಿಕ್ಕಿ ತುಂಬ ಗಂಟು ಇದ್ದಾಗ ಕಬ್ಬಿನ ಟ್ರ್ಯಾಕ್ಟರ್ ದಾಟಬೇಕಂದ್ರ ಗೇರ್ ಇಳಿಸದ ಸಲೀಸ ಎಳೀಬೇಕು. ಹಿಂದ ಕುಂತವರಿಗೆ ಜೋಲಿ ಹೊಡಿಯೂದು ಎಂಜಿನ್ ಸಣ್ಣದಾಗಿ ಡ್ರೈವರ್ ಪದೇಪದೇ ಗೇರ್ ಕುಟ್ಟಿದಾಗ. ಅದೂ ಆರಾಮದ ಲೆಕ್ಕದಾಗ ಬರತದ.

ನವೆಂಬರ್‌ದಿಂದ ಮಾರ್ಚ್‌ತನಕ ನಮ್ಮ ಕಡೆ ರಾತ್ರಿ ಓಡಸೂದು ಅಂದ್ರ ಲೈಟಿನ ಮಾತು. ಎರಡು ಟ್ರೇಲರ್ ಕಬ್ಬು, ಹಿಂದ ರೇಡಿಯಂ ಇರಂಗಿಲ್ಲ. ಏಳು ಮಂದಿ ಕುಂತಾಗ ಗಾಡಿ ಹಿಂದಿನ ಮೈ ಕೆಳಗ ಕೂತು ಹೆಡ್‌ಲೈಟ್ ಮ್ಯಾಲೆ ಏಳತಾವ, ಎದುರಿನವನ ಕಣ್ಣಿಗೆ ಹೊಡಿತಾವ, ನಮಗ ರೋಡಿನ ಹತ್ರದ್ದು ಕಾಣಂಗಿಲ್ಲ. ಡ್ಯಾಶ್‌ಬೋರ್ಡಿನ್ಯಾಗ 0, 1, 2, 3 ಅಂತ ಒಂದು ಸಣ್ಣ ಚಕ್ರ ಇರತದ. ಖಾಲಿ ಇದ್ದಾಗ 0, ಲೋಡಿಗೆ ತಕ್ಕಂಗ 1, 2, 3 ಅಂತ ಇಳಿಸಬೇಕು. ಹತ್ತು ಮಂದಿಯಾಗ ಒಂಬತ್ತು ಮಂದಿ ಅದನ್ನ ಮುಟ್ಟೇ ಇರಂಗಿಲ್ಲ.

ಉದ್ಯಮಬಾಗ_ಫಿಟರ್ (ಬೆಳಗಾವಿ)

ಟಾರ್ಕು ಇರ್ಲಿ, ಕೆಳಗ ಇಣುಕಿ ಸಸ್ಪೆನ್ಷನ್ (ರೋಡಿನ ಏಟು ತಡಿಯೂ ಜೋಡಣಿ) ನೋಡ್ರಿ ಮೊದ್ಲ.

ಕ್ರಿಸ್ಟಾ: ಮುಂದ ಡಬಲ್ ವಿಶ್‌ಬೋನ್, ಹಿಂದ ಗಟ್ಟಿ ಆಕ್ಸಲ್, ನಾಕು ರಾಡು, ಕಾಯಿಲ್ ಸ್ಪ್ರಿಂಗು. ಕಾರೆನ್ಸ್: ಮುಂದ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದ ಟಾರ್ಷನ್ ಬೀಮ್ (ಎರಡೂ ಗಾಲಿ ಕೂಡಿಸೂ, ತಿರುಚಿಕೊಳ್ಳೂ ತೊಲಿ). ಮರಾಝೊ: ಮುಂದ ಡಬಲ್ ವಿಶ್‌ಬೋನ್, ಹಿಂದ ಟ್ವಿಸ್ಟ್ ಬೀಮ್, ಅದೂ ಅದ ಜಾತಿದು. ಗಟ್ಟಿ ಆಕ್ಸಲ್ ಅಂದ್ರ ಡಿಫರೆನ್ಷಿಯಲ್ ಗಡ್ಡಿ ಸಮೇತ ಎಲ್ಲಾ ಭಾರ ಗಾಲಿ ಜೋಡಿ ಕುಣೀತೈತಿ. ಇಬ್ಬರ ಕುಂತಾಗ ಕ್ರಿಸ್ಟಾದ ಹಿಂದಿನ ಸೀಟು ಪುಟೀತೈತಿ, ಆರೇಳು ಮಂದಿ ಕುಂತ ಮ್ಯಾಲೆ ಸ್ಪ್ರಿಂಗ್ ಅದುಮಿ ತಣ್ಣಗ ಆಗತೈತಿ. ಹಂಗಾಗಿ ಟೆಸ್ಟ್ ಡ್ರೈವಿಗೆ ಒಬ್ಬರ ಹೋಗಿ "ಗಾಡಿ ಎತ್ತಾಕಿ ಹೊಡಿತೈತಿ" ಅನ್ನಬ್ಯಾಡ್ರಿ. ಮನಿಮಂದಿ ಎಲ್ಲಾರನ್ನೂ ಹತ್ತಿಸಿಕೊಂಡು ಹೋಗ್ರಿ.

ಸೆಕೆಂಡ್ ಹ್ಯಾಂಡ್ ಗಾಡಿಗೆ ನಾನು ನೋಡೂದು ಈ ಕ್ರಮದಾಗ:

ಸಪಾಟ ಜಾಗದಾಗ ನಿಲ್ಲಿಸಿ, ಗಾಲಿ ನಡುವಿನ ಕ್ಯಾಪಿಂದ ಮ್ಯಾಲಿನ ಮಡ್‌ಗಾರ್ಡ್ ಅಂಚಿನ ತನಕ ಟೇಪು ಹಿಡೀರಿ. ಎಡ-ಬಲ ಅಳತಿಯಾಗ 10–15 ಮಿ.ಮೀ.ಗಿಂತ ಹೆಚ್ಚು ಫರಕ್ ಬಂದ್ರ ಸ್ಪ್ರಿಂಗ್ ಕೂತೈತಿ, ಇಲ್ಲಾ ಗಾಡಿ ಎಲ್ಲೋ ಬಡದೈತಿ. ಆಮ್ಯಾಲೆ ನಾಕೂ ಶಾಕಪ್ ಮ್ಯಾಲೆ ಬೆರಳು ಆಡಸ್ರಿ. ಎಣ್ಣಿ ಹತ್ತಿ ಅದಕ್ಕ ಧೂಳು ಮೆತ್ತಿದ್ರ ಶಾಕಪ್ ಮುಗದಂಗ. ಮೂಲಿ ಒತ್ತಿ ಕುಣಿಸಿ ನೋಡೂದು ಹಳೇ ಕಾಲದ ಪರೀಕ್ಷೆ, ಈಗಿನ ಗ್ಯಾಸ್ ಶಾಕಪ್ಪಿಗೆ ಅದರಿಂದ ಏನೂ ತಿಳಿಯಂಗಿಲ್ಲ.

ಮುಂದ, ಕಾಜು ಏರಿಸಿ, ರೇಡಿಯೊ ಬಂದ್ ಮಾಡಿ, ಕೆಟ್ಟ ರೋಡಿನ್ಯಾಗ 20–30ರಾಗ ಓಡಸ್ರಿ. ಒಂದ ಸಮ "ಟಕ್ ಟಕ್" ಬಂದ್ರ ಸ್ಟೆಬಿಲೈಜರ್ ಲಿಂಕು, ಅಗ್ಗದ ಕೆಲಸ. ಬ್ರೇಕ್ ಹಿಡಿದಾಗ ಮತ್ತ ಬಿಟ್ಟಾಗ ಒಂದೊಂದ ಸಲ "ಧಡ್" ಅಂದ್ರ ಲೋವರ್ ಆರ್ಮ್ ಬುಷ್ ಹರದಿರತೈತಿ. ಕ್ರಿಸ್ಟಾದಾಗ ತಿರುವಿನ ಮ್ಯಾಲೆ ಹಿಂದಿನ ಮೈ ಸೊಂಟ ತಿರುವಿದಂಗ ಆದ್ರ ಹಿಂದಿನ ಅಡ್ಡ ರಾಡಿನ ಬುಷ್ ನೋಡ್ರಿ. ಮೂರನೇ ಸಾಲಿನವರು "ತೂರಾಡಿದಂಗ ಆಗತೈತಿ" ಅನ್ನೂದು ಹೆಚ್ಚಾಗಿ ಅದಕ್ಕ.

ಬುಷ್ ಬದಲಿಸುವಾಗ ಒಂದು ತಪ್ಪು ಎಲ್ಲಾ ಕಡೆ ಮಾಡತಾರ. ಗಾಡಿ ಲಿಫ್ಟ್ ಮ್ಯಾಲೆ ಇದ್ದಾಗ, ಗಾಲಿ ಜೋತು ಬಿದ್ದಾಗ್ಲೇ ಬೋಲ್ಟ್ ಪೂರ್ತಿ ಬಿಗೀತಾರ. ಆಮ್ಯಾಲೆ ಗಾಡಿ ಕೆಳಗ ಇಳದಾಗ ರಬ್ಬರ್ ತಿರುಚಿಕೊಂಡ ನಿಲ್ಲತೈತಿ, ಸದಾ ಎಳದಾಡತೈತಿ, ಲಗೂನ ಹರೀತೈತಿ. ಬೋಲ್ಟ್ ಸಡಿಲ ಇಟ್ಟು, ಗಾಲಿ ನೆಲಕ್ಕ ಊರಿ ಗಾಡಿ ಭಾರ ಬಿದ್ದ ಮ್ಯಾಲೆ ಕೊನೀ ಬಿಗಿತ ಕೊಡಬೇಕು. ಮಿಸ್ತ್ರಿ ಮುಂದ ನಿಂತು ಮಾಡಸ್ರಿ, ನಾಚಿಕಿ ಬ್ಯಾಡ.

ನವನಗರ_ಸೆಕ್ಟರ್

ಅಣ್ಣಾರ, ಡೀಸೆಲ್ ಗಡಗಡ ಬಗ್ಗೆ? ಒಂದು ಹಳೇ ಗಾಡಿ ನೋಡಾಕ ಹೋದಾಗ ನಿಂತಲ್ಲೇ ನಡುಸೀಟು ಝುಂ ಅಂತಿತ್ತು. "ಡೀಸೆಲ್ ಅಂದ್ರ ಹಂಗ" ಅಂದ್ರು.

ಉದ್ಯಮಬಾಗ_ಫಿಟರ್

ಡೀಸೆಲ್ ಅಂದ್ರ ಹಂಗಲ್ಲ. ಸದ್ದು ಬ್ಯಾರೆ, ನಡುಕ ಬ್ಯಾರೆ. ಸದ್ದು ಸ್ವಲ್ಪ ಇರತೈತಿ, ನಡುಕ ಸೀಟಿಗೆ ಬರಬಾರದು.

ನ್ಯೂಟ್ರಲ್‌ನ್ಯಾಗ ನಿಲ್ಲಿಸಿ, ಎಸಿ ಹಾಕಿ, ಎರಡನೇ ಸಾಲಿನ ಹೆಡ್‌ರೆಸ್ಟಿನ ಕಬ್ಬಿಣದ ಕಡ್ಡಿ ಹಿಡೀರಿ. ಎಸಿ ಕಂಪ್ರೆಸರ್ ಹತ್ತಿದಾಗ ಮಾತ್ರ ನಡುಗಿ ಆಮ್ಯಾಲೆ ನಿಂತ್ರ ಸರಿ. ಒಂದ ಸಮ ನಡುಗಿದ್ರ ಮೂರು ಕಾರಣ. ಒಂದು, ಎಂಜಿನ್ ಮೌಂಟಿಂಗು: ಒಳಗ ಎಣ್ಣಿ ತುಂಬಿದ ಮೌಂಟಿಂಗ್ ಒಡದ್ರ ಅದರ ಸುತ್ತ ಕರೀ ಎಣ್ಣಿ ಇಳದಿರತೈತಿ. ಬಜಾರದಾಗ ಸಿಗೋ ಅಗ್ಗದ ಮೌಂಟಿಂಗಿನ ರಬ್ಬರ್ ಗಟ್ಟಿ, ಹೊಸಾದು ಹಾಕಿದ್ರೂ ನಡುಕ ಹೋಗಂಗಿಲ್ಲ, ಕಂಪನೀದ ಹಾಕಸ್ರಿ. ಎರಡು, ಇಂಜೆಕ್ಟರು: ಸ್ಕ್ಯಾನರ್ ಹಚ್ಚಿ ನಾಕೂ ಸಿಲಿಂಡರಿನ ಕರೆಕ್ಷನ್ ಅಂಕಿ (ಗಾಡಿ ತಾನ ಡೀಸೆಲ್ ಎಷ್ಟು ಹೆಚ್ಚು-ಕಡಿಮಿ ಮಾಡತೈತಿ ಅನ್ನೂದು) ನೋಡ್ರಿ, ಒಂದರದು ಉಳಿದ ಮೂರಕ್ಕಿಂತ ಬ್ಯಾರೆ ಇದ್ರ ಅದ ಕಳ್ಳ. ಮೂರು, ಸೈಲೆನ್ಸರ್ ಪೈಪಿನ ರಬ್ಬರ್ ಹರದು ಪೈಪು ಚಾಸಿಗೆ ತಾಗೂದು. ನೂರು-ಇನ್ನೂರು ರೂಪಾಯಿ ರಬ್ಬರಿಗೆ ಹೋಗೂ ನಡುಕಕ್ಕ ಸಾವಿರಾರು ರೂಪಾಯಿ ಮೌಂಟಿಂಗ್ ಬದಲಿಸಿದವರು ಅದಾರ. ಅಗ್ಗದ್ದರಿಂದ ಶುರು ಮಾಡ್ರಿ.

ಕ್ಲಚ್ ತುಳಿದಾಗ ಕಟಕಟ ಹೋಗಿ ಬಿಟ್ಟಾಗ ಬಂದ್ರ ಗೇರ್‌ಬಾಕ್ಸ್ ಕಡೀದು. ಬಂದ್ ಮಾಡುವಾಗ ಕೆಳಗ "ಖಡಲ್" ಅಂದ್ರ ಫ್ಲೈವೀಲ್ ಮ್ಯಾಲೆ ಸಂಶೆ ಇಡ್ರಿ. ಡ್ಯುಯಲ್ ಮಾಸ್ ಫ್ಲೈವೀಲ್ (ನಡುವ ಸ್ಪ್ರಿಂಗ್ ಇರೋ ಎರಡು ತುಂಡಿನ ಚಕ್ರ) ಇದ್ದ ಗಾಡಿಗೆ ಕ್ಲಚ್ ಜೋಡಿ ಅದನ್ನೂ ಬದಲಿಸಿದ್ರ ಖರ್ಚು ಜಿಗೀತೈತಿ, ರೇಟು ಕುದುರಿಸೂ ಮುಂಚೆ ತಿಳಕೋರಿ.

ಗೋಳಗುಮ್ಮಟ_ರೋಡ್ (ವಿಜಯಪುರ)

ಎಸಿ ಬಗ್ಗೆ ಯಾರೂ ಬಾಯಿ ಬಿಡಲಿಲ್ಲಲ್ಲ! ಏಪ್ರಿಲ್‌ದಾಗ ವಿಜಯಪುರದ ಬಿಸಲು 40 ಡಿಗ್ರಿ ದಾಟತದ. ಮೂರನೇ ಸಾಲಿನ ಆರಾಮ ಅಂದ್ರ ನನ್ನ ಲೆಕ್ಕದಾಗ ಗಾಳಿ, ಆಮ್ಯಾಲೆ ಮೊಣಕಾಲು.

ಮೊದಲ ಪ್ರಶ್ನೆ: ಹಿಂದ ಬ್ಯಾರೆ ಇವಾಪೊರೇಟರ್ ಅದನೋ, ಬರೇ ಬ್ಲೋವರ್ ಅದನೋ? ಬರೇ ಬ್ಲೋವರ್ ಇದ್ರ ಮುಂದಿನ ತಣ್ಣನ ಗಾಳೀನ ಎಳದು ಹಿಂದ ಬಿಡತದ, ಅಷ್ಟೇ. ಬ್ಯಾರೆ ಇವಾಪೊರೇಟರ್ ಇದ್ರ ಅಲ್ಲೇ ತಣ್ಣಗ ಮಾಡತದ. ಹಿಂಗ ಪತ್ತೆ ಹಚ್ಚರಿ: ಮುಂದಿನ ಬ್ಲೋವರ್ ಒಂದರ ಮ್ಯಾಲೆ, ಹಿಂದಿಂದು ಫುಲ್ ಇಟ್ಟು ಹತ್ತು ನಿಮಿಷ ಬಿಡ್ರಿ. ಹಿಂದಿನ ಗಾಳಿ ತಂಪು ಉಳದ್ರ ಬ್ಯಾರೆ ಅದ. ಮರಾಝೊದಾಗ ಮಾಳಿಗಿ ನಡುವ ಉದ್ದಕ್ಕ ಹಾದ ವೆಂಟು ಗಾಳೀನ ಮಾರಿಗೆ ಹೊಡಿಯದ ಸುತ್ತ ಹರಡತದ. ಅದರ ವಿನ್ಯಾಸದಾಗ ನನಗ ಎಲ್ಲಕ್ಕಿಂತ ಸೇರಿದ್ದು ಅದ. ಮುದುಕರಿಗೆ ಎಸಿ ನೇರ ಮಾರಿಗೆ ಹೊಡದ್ರ ತಲಿ ಹಿಡಿತದ.

ಪರೀಕ್ಷೆಗೆ ಸಣ್ಣ ಕಡ್ಡಿ ಥರ್ಮಾಮೀಟರ್ ಸಾಕು. ಬಿಸಲಾಗ ನಿಂತ ಗಾಡಿ ಮೊದಲು ಎರಡು ನಿಮಿಷ ಕಾಜು ಇಳಿಸಿ ಓಡಿಸಿ ಬಿಸಿ ಹೊರಗ ಹಾಕ್ರಿ. ಆಮ್ಯಾಲೆ ಕಾಜು ಏರಿಸಿ, ಒಳಗಿನ ಗಾಳಿನ ಸುತ್ತೂ ಬಟನ್ ಒತ್ತಿ, 1,500 ಆರ್‌ಪಿಎಂದಾಗ ಹತ್ತು ನಿಮಿಷ. ಮುಂದಿನ ವೆಂಟಿನ್ಯಾಗ 10–12 ಡಿಗ್ರಿ ಒಳಗ ಬರಬೇಕು, ಹಿಂದ ಎರಡು-ಮೂರು ಹೆಚ್ಚಿದ್ರ ನಡೀತದ. ಮುಂದ ತಂಪು ಇದ್ದು ಹಿಂದ ಬಿಸಿ ಇದ್ರ, ಹಿಂದಕ್ಕ ಹೋಗೂ ಅಲ್ಯುಮಿನಿಯಂ ಪೈಪಿನ ಜೋಡಣಿ ನೋಡ್ರಿ. ಸೋರಿದ ಕಡೆ ಎಣ್ಣಿ ಕಲಿ ಇರತದ. ಗ್ಯಾಸ್ ತುಂಬಸೂದಾದ್ರ ಬಾನೆಟ್ ಒಳಗಿನ ಚೀಟಿ ಮ್ಯಾಲೆ ಎಷ್ಟು ಗ್ರಾಂ ಅಂತ ಬರದಿರತದ, ಅಷ್ಟ ತೂಕ ಮಾಡಿ ಹಾಕಬೇಕು. ಅಂದಾಜಿನ ಮ್ಯಾಲೆ ಹೆಚ್ಚು ತುಂಬಿದ್ರೂ ತಂಪು ಕಡಿಮಿ ಆಗತದ.

ಕ್ಯಾಬಿನ್ ಫಿಲ್ಟರ್ 10,000 ಕಿ.ಮೀ.ಗೆ ಬದಲಿಸ್ರಿ ಅಂತ ಪುಸ್ತಕ ಹೇಳಬಹುದು. ನಮ್ಮ ಎರಿ ಮಣ್ಣಿನ ಧೂಳಿಗೆ, ಜೋಳ ಒಕ್ಕೂ ಟೈಮಿಗೆ, 5,000ಕ್ಕ ತಗದು ಜಾಡಿಸಲೇಬೇಕು. ಗ್ಲೋವ್ ಬಾಕ್ಸ್ ಹಿಂದ ಇರತದ, ಹತ್ತು ನಿಮಿಷದ ಕೆಲಸ. ಮುಂದಿನ ಕಂಡೆನ್ಸರ್ ಜಾಳಗಿಗೆ ಹೊಟ್ಟು, ಹುಳ ಹಿಡದಿದ್ರ ಮೆತ್ತಗ ನೀರು ಬಿಡ್ರಿ, ಪ್ರೆಷರ್ ಗನ್ ಹತ್ರ ಹಿಡದ್ರ ರೆಕ್ಕಿ ಮಡಚತಾವ.

ಏಳು ಮಂದಿ ಕುಂತು ತಾಸುಗಟ್ಟಲೆ ಒಳಗಿನ ಗಾಳೀನ ಸುತ್ತಿಸಿದ್ರ ಎಲ್ಲಾರಿಗೂ ತೂಕಡಿಕಿ, ತಲಿನೋವು. ಡ್ರೈವರಿಗೂ. ಅರ್ಧ ತಾಸಿಗೊಮ್ಮೆ ಐದು ನಿಮಿಷ ಹೊರಗಿನ ಗಾಳಿ ಬಿಡ್ರಿ.

ಮಲಪ್ರಭಾ_ದಂಡಿ

ಬಿಸಿಲಿನ ಮಾತು ಬಂದದ್ದಕ್ಕೆ: ಕಪ್ಪು ಫಿಲ್ಮ್ ಅಂಟಿಸುವ ಯೋಚನೆ ಇದ್ದರೆ ಬಿಡಿ. ನಿಯಮದ ಪ್ರಕಾರ ಮುಂದಿನ-ಹಿಂದಿನ ಗಾಜಿನಿಂದ ಕನಿಷ್ಠ 70%, ಪಕ್ಕದ ಗಾಜಿನಿಂದ 50% ಬೆಳಕು ಒಳಗೆ ಬರಬೇಕು. ಅಂಗಡಿಯವರು ಅಂಟಿಸುವ ಗಾಢ ಫಿಲ್ಮ್ ಅದಕ್ಕೆ ಒಪ್ಪುವುದಿಲ್ಲ. ಬಾಗಿಲಿನಲ್ಲೇ ಎಳೆದುಕೊಳ್ಳುವ ಸನ್‌ಬ್ಲೈಂಡ್ ಇರುವ ಮಾದರಿ ಸಿಕ್ಕರೆ ಒಳ್ಳೆಯದು.

ಮಕ್ಕಳ ವಾಂತಿಯ ವಿಷಯವನ್ನೂ ವಿನ್ಯಾಸದಲ್ಲೇ ನೋಡಬೇಕು. ಮೂರನೇ ಸಾಲು ಹಿಂದಿನ ಆಕ್ಸಲ್ ಮೇಲೆ ಅಥವಾ ಅದರ ಹಿಂದೆ ಬರುತ್ತದೆ. ಹಂಪ್ ಹಾರಿದಾಗ ಜೋಕಾಲಿಯ ತುದಿಯಲ್ಲಿ ಕೂತಂತೆ. ಅದರ ಮೇಲೆ ಈಗಿನ ಗಾಡಿಗಳಿಗೆ ಎಸ್‌ಯುವಿ ರೂಪ ಕೊಡುವ ಚಪಲ: ಕಿಟಕಿಯ ಕೆಳಗಿನ ಅಂಚು ಹಿಂದಕ್ಕೆ ಹೋದಂತೆ ಮೇಲೇರುತ್ತದೆ, ಕೊನೆಯ ಗಾಜು ತ್ರಿಕೋನವಾಗಿ ಉಳಿಯುತ್ತದೆ. ಆರು ವರ್ಷದ ಮಗುವಿಗೆ ಹೊರಗೆ ಕಾಣುವುದು ಆಕಾಶ ಮಾತ್ರ. ಕಿವಿಯೊಳಗಿನ ಸಮತೋಲನಕ್ಕೆ ಗಾಡಿ ತಿರುಗುವುದು ಗೊತ್ತಾಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ, ಹೊಟ್ಟೆ ತೊಳೆಸುತ್ತದೆ. ಜಾಂಬೋಟಿ ದಾಟಿ ಚೋರ್ಲಾ ಘಾಟಿನಲ್ಲಿ ಇಳಿಯುವಾಗ ಇದು ಚೆನ್ನಾಗಿ ತಿಳಿಯುತ್ತದೆ. ಮಗುವನ್ನು ಮೂರನೇ ಸಾಲಿನಲ್ಲಿ ಕೂರಿಸಿ, ಅದರ ಕಣ್ಣಿನ ಎತ್ತರಕ್ಕೆ ನಿಮ್ಮ ಮೊಬೈಲ್ ಕ್ಯಾಮೆರಾ ಹಿಡಿದು ಒಂದು ಫೋಟೊ ತೆಗೆಯಿರಿ. ರಸ್ತೆ ಕಾಣುತ್ತದೋ ಇಲ್ಲವೋ ಅಲ್ಲೇ ತೀರ್ಮಾನ. ಘಾಟಿನ ದಾರಿಗೆ ಮಕ್ಕಳು ನಡುಸಾಲಿಗೆ, ದೊಡ್ಡವರಲ್ಲಿ ಗಿಡ್ಡನೆಯವರು ಹಿಂದಕ್ಕೆ.

ನಡುಸಾಲು ಉದ್ದ ಬೆಂಚೋ, ಎರಡು ಕ್ಯಾಪ್ಟನ್ ಸೀಟೋ ಎಂದು ಕೇಳುತ್ತೀರಿ. ನೀವು ಏಳು ಮಂದಿ, ಎರಡು-ಎರಡು-ಮೂರು ಇಲ್ಲವೇ ಎರಡು-ಮೂರು-ಎರಡು. ಮೂವರನ್ನು ಹಿಂದೆ ತುರುಕುವುದು ಕಾಗದದ ಮೇಲೆ ಮಾತ್ರ ಆಗುವ ಮಾತು, ಆದ್ದರಿಂದ ಬೆಂಚು. ಬೆಂಚಿನಲ್ಲಿ ಹಿಂದೆ ಹೋಗಲು ಒಂದು ತುಂಡು ಮಡಚಲೇಬೇಕು. ಆ ತುಂಡಿನಲ್ಲಿ ಮುದುಕರನ್ನು ಕೂರಿಸಿದರೆ ಪ್ರತಿಸಲ ಹಿಂದಿನವರು ಇಳಿಯಲು ಅವರು ಮೊದಲು ಇಳಿಯಬೇಕು. ಕಾರೆನ್ಸ್‌ನಲ್ಲಿ ಎಡಗಡೆಯ ಸೀಟು ಬಟನ್ ಒತ್ತಿದರೆ ತಾನೇ ಮಡಚಿ ಬೀಳುತ್ತದೆ, ಹನ್ನೊಂದರ ಮಗುವೂ ಮಾಡಬಹುದು. ಹಾಗಾದರೆ ಮುದುಕರ ಜಾಗ ಬಲಗಡೆ; ಆದರೆ ಬಲಗಡೆ ಎಂದರೆ ಟ್ರಾಫಿಕ್ ಕಡೆ ಇಳಿಯುವುದು. ಮೊಣಕಾಲು ನೋವಿನವರು ಮುಂದಿನ ಎಡ ಸೀಟಿಗೆ, ಇದೇ ನನ್ನ ಉತ್ತರ.

ಖಡೇಬಜಾರ್_ಪಾರ್ಕಿಂಗ್ (ಬೆಳಗಾವಿ)

ಸ್ಲೈಡಿಂಗ್ ಡೋರ್ ಇರೋ ಗಾಡಿ ಯಾಕ ಬ್ಯಾಡ? ನಮ್ಮ ಗಲ್ಲಿಗಳಿಗೆ ಬಾಗಿಲು ಜಾರೂದ ಚಲೋ. ಕಿಯಾ ಕಾರ್ನಿವಲ್ 2.2 ಡೀಸೆಲ್ ನೋಡ್ರಿ, 440 ಎನ್‌ಎಂ ಆಸುಪಾಸು ಐತಿ, ಬಾಗಿಲು ಕರೆಂಟಿನ ಮ್ಯಾಲೆ ಜಾರತೈತಿ, ಮೂರೂ ಸಾಲು ನಿಲ್ಲಿಸಿದ್ರೂ 2020ರ ಗಾಡಿಯಾಗ 540 ಲೀಟರ್ ಡಿಕ್ಕಿ.

ಮಲಪ್ರಭಾ_ದಂಡಿ

ಕುಟುಂಬದ ಗಾಡಿಯ ವಿನ್ಯಾಸ ಅಂದರೆ ಅದೇ, ಒಪ್ಪಿದೆ. ಆದರೆ 2020ರ ಕಾರ್ನಿವಲ್ 5,115 ಮಿ.ಮೀ. ಉದ್ದ, 1,985 ಅಗಲ, ಕನ್ನಡಿ ಬಿಟ್ಟು. ಖಡೇಬಜಾರಿನಲ್ಲಿ ಬಾಗಿಲು ಜಾರಿಸುವ ಪ್ರಸಂಗವೇ ಬರುವುದಿಲ್ಲ, ಗಾಡಿಯೇ ಒಳಗೆ ಬರಬೇಕಲ್ಲ! ಬೆಲೆಯೂ ಇವರು ನೋಡುತ್ತಿರುವ ಗುಂಪಿನದಲ್ಲ.

ನಿಸಾನ್ ಇವಾಲಿಯಾ 2012ರಲ್ಲಿ ಚಿಕ್ಕ ಮೈಯಲ್ಲಿ ಜಾರುವ ಬಾಗಿಲು ಕೊಟ್ಟಿತ್ತು, ಅದೂ ಡೀಸೆಲ್. ಮೊದಮೊದಲ ಗಾಡಿಗಳಲ್ಲಿ ನಡುಸಾಲಿನ ಕಿಟಕಿ ಕೆಳಗಿಳಿಯುತ್ತಿರಲಿಲ್ಲ. ನಮ್ಮ ಬಿಸಿಲಿಗೆ, ಎಲೆ-ಅಡಿಕೆ ಉಗುಳುವ ನಮ್ಮ ಹಿರಿಯರಿಗೆ ಇಳಿಯದ ಕಿಟಕಿ! ಒಂದು ಒಳ್ಳೆಯ ವಿಚಾರ ಒಂದು ಗಾಜಿಗೆ ಸೋತಿತು.

ಜಾರುವ ಬಾಗಿಲಿನ ಗಾಡಿ ಯಾರ ಹತ್ತಿರ ಇದ್ದರೂ: ಕೆಳಗಿನ ಹಳಿಗೆ ಗ್ರೀಸ್ ಹಚ್ಚಬೇಡಿ. ಧೂಳು ಅದಕ್ಕೆ ಮೆತ್ತಿ ಅರೆಯುವ ಹಿಟ್ಟಾಗುತ್ತದೆ, ರೋಲರ್ ತಿನ್ನುತ್ತದೆ. ಬ್ರಷ್‌ನಿಂದ ಒರೆಸಿ, ಒಣ ಸಿಲಿಕಾನ್ ಸ್ಪ್ರೇ ಸಾಕು.

ಎನ್‌ಎಚ್_52

ಟೈರ್ ಬಗ್ಗೆ ಎರಡು ಮಾತು. ಕ್ರಿಸ್ಟಾ ಕೆಳಗಿನ ಮಾದರಿಗೆ 205/65 ಆರ್16, ಮ್ಯಾಲಿನ ಝಡ್‌ಎಕ್ಸ್‌ಗೆ 215/55 ಆರ್17. ಲೆಕ್ಕ ಹಾಕ್ರಿ: ಮೊದಲಿನದರ ಪಕ್ಕದ ಗ್ವಾಡಿ 133 ಮಿ.ಮೀ. (205ರ 65%), ಎರಡನೇದರದು 118 (215ರ 55%). 15 ಮಿ.ಮೀ. ರಬ್ಬರ್ ಕಡಿಮಿ ಆತು. ನೋಡಾಕ 17 ಇಂಚು ಚಂದ, ಗುಂಡಿಗೆ ಬಿದ್ದಾಗ ಕುಂತವರ ಬೆನ್ನಿಗೆ 16 ಚಂದ. ಕಾರೆನ್ಸ್‌ನಲ್ಲೂ 205/65 ಆರ್16 ಬರತದ. ಹೊರಗಿನ ದೊಡ್ಡ ಅಲಾಯ್ ಹಾಕಸೂದು ದುಡ್ಡು ಕೊಟ್ಟು ಬೆನ್ನುನೋವು ತಂದಂಗ.

ಹವಾ: ಡ್ರೈವರ್ ಬಾಗಲ ಕಂಬಕ್ಕ ಚೀಟಿ ಅಂಟಿರತದ. ಖಾಲಿ ಇದ್ದಾಗ ಎಷ್ಟು, ತುಂಬಿದಾಗ ಎಷ್ಟು, ಎರಡೂ ಓದ್ರಿ. ಪಂಪಿನ ಹುಡುಗ ಎಲ್ಲಾ ಗಾಡಿಗೂ ಒಂದ ಅಂಕಿ ಹಾಕತಾನ. ಮುಂಜಾನೆ ಟೈರ್ ತಣ್ಣಗಿದ್ದಾಗ ನೋಡಬೇಕು. ಒಳಗಿನ ಗಾಳಿ 10 ಡಿಗ್ರಿ ಬಿಸಿ ಆದ್ರ ಸುಮಾರು ಒಂದೂವರೆ ಪಿಎಸ್‌ಐ ಏರತದ. ಮಧ್ಯಾಹ್ನ ಹೈವೇದಾಗ 38 ತೋರಿಸ್ತು ಅಂತ ಹವಾ ಬಿಟ್ರ, ಮರುದಿನ ಮುಂಜಾನೆ ಕಡಿಮಿ ಇರತದ. ತುಂಬಿದ ಗಾಡಿಗೆ ಕಡಿಮಿ ಹವಾನೇ ಟೈರ್ ಸಿಡಿಯೂ ದೊಡ್ಡ ಕಾರಣ.

ಗೋಳಗುಮ್ಮಟ_ರೋಡ್

ಸೀಟ್ ಕವರ್ ಬಗ್ಗೆನೂ ಹೇಳೇಬಿಡತೀನಿ. ದಪ್ಪ ರೆಕ್ಸಿನ್ ಕವರ್ ಹಾಕಸಬ್ಯಾಡ್ರಿ. ಮುಂದಿನ ಸೀಟಿನ ಬೆನ್ನಿಗೆ ದಪ್ಪ ಕವರ್, ಹಿಂದಿನ ಸೀಟಿಗೆ ದಪ್ಪ ಕವರ್, ಎರಡೂ ಕೂಡಿ ಮೊಣಕಾಲಿನ ಜಾಗದಾಗ ಒಂದು ಇಂಚು ತಿಂತಾವ. ಬಿಸಲಾಗ ಬೆನ್ನು ಬೆವರತದ. ಮುಖ್ಯ ಮಾತು, ಮುಂದಿನ ಸೀಟಿನ ಪಕ್ಕದಾಗ ಏರ್‌ಬ್ಯಾಗ್ ಅದ (ಕಾರೆನ್ಸ್‌ಗೆ ಆರು ಏರ್‌ಬ್ಯಾಗ್). ಕವರಿನ ಹೊಲಿಗಿ ಆ ಕಡೆ ಹರಿಯೂ ಹಂಗ ಇರದಿದ್ರ ಏರ್‌ಬ್ಯಾಗ್ ಹೊರಗ ಬರೂದಕ್ಕ ಅಡ್ಡ ಆಗತದ. ಹತ್ತಿ ಟವೆಲ್ ಹಾಸ್ರಿ, ತೊಳೀರಿ, ಮುಗೀತು.

ಸೀರಿ ಉಟ್ಟವರಿಗೆ ಕ್ರಿಸ್ಟಾಕ್ಕ ಫುಟ್‌ಸ್ಟೆಪ್ ಬೇಕ ಅಂತ ಕೇಳತಾರ. ರೋಡಿಂದ ಒಳಗಿನ ನೆಲದ ಎತ್ತರ ಅಳದು, ಅದರ ಸರೀ ಅರ್ಧಕ್ಕ ಮೆಟ್ಟಿಲು ಬರಬೇಕು. ಮೇಲ ಹಚ್ಚಿದ್ರ ಉಪಯೋಗಿಲ್ಲ, ಕೆಳಗ ಹಚ್ಚಿದ್ರ ಹಂಪಿಗೆ ತಾಗತದ. ಪೂರ್ತಿ ಪಾದ ಊರಾಕ ಬರಬೇಕು, ಅಂದ್ರ ಆರು ಇಂಚು ಅಗಲ. ದುಂಡನ ಪೈಪು ಬ್ಯಾಡೇ ಬ್ಯಾಡ, ಮಳಿಯಾಗ ಜಾರತದ. ಚಾಸಿಗೆ ಹೊಸ ತೂತು ಕೊರಸಬ್ಯಾಡ್ರಿ, ಇರೋ ತೂತಿಗೇ ಬೋಲ್ಟ್ ಮಾಡೂ ಸೆಟ್ ತಗೋರಿ.

ಖಡೇಬಜಾರ್_ಪಾರ್ಕಿಂಗ್

ಇವರ ಓಡಾಟ ಅರ್ಧ ಊರಾಗ ಅಂದ್ರಲ್ಲ. ಬಿಎಸ್-6 (ಹೊಗಿ ನಿಯಮದ) ಡೀಸೆಲ್‌ಗೆ ಡಿಪಿಎಫ್ (ಮಸಿ ಹಿಡಿಯೂ ಫಿಲ್ಟರ್) ತ್ರಾಸ ಆಗೂದಿಲ್ಲೇನು?

ಉದ್ಯಮಬಾಗ_ಫಿಟರ್

ಆಗತೈತಿ, ಓಡಸೂ ರೀತಿ ತಪ್ಪಿದ್ರ. 2020ರ ಏಪ್ರಿಲ್‌ದಿಂದ ಬಂದ ಬಿಎಸ್-6 ಡೀಸೆಲ್‌ಗಳ ಸೈಲೆನ್ಸರ್ ಲೈನಿನ್ಯಾಗ ಮಸಿ ಹಿಡಿಯೂ ಜಾಳಗಿ ಐತಿ. ಅದು ತುಂಬಿದಾಗ ಗಾಡಿ ತಾನ ಹೆಚ್ಚು ಡೀಸೆಲ್ ಚೆಲ್ಲಿ, 600 ಡಿಗ್ರಿ ಆಸುಪಾಸು ಬಿಸಿ ಮಾಡಿ ಮಸಿ ಸುಡತೈತಿ. ಆವಾಗ ಐಡಲ್ ಸ್ವಲ್ಪ ಏರತೈತಿ, ಫ್ಯಾನ್ ಜೋರ ತಿರಗತೈತಿ, ಬಿಸಿ ವಾಸನಿ ಬರತೈತಿ. ಅದು ಕೆಟ್ಟಿದ್ದಲ್ಲ. ಆ ಹೊತ್ತಿಗೆ ಮನಿ ಬಂತು ಅಂತ ಬಂದ್ ಮಾಡಿದ್ರ ಅರ್ಧಕ್ಕ ನಿಲ್ಲತೈತಿ. ಹಿಂಗ ನಾಕೈದು ಸಲ ಆದ್ರ ದೀಪ ಹತ್ತತೈತಿ, ಸುಡದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳೀತೈತಿ. ಡಿಪ್‌ಸ್ಟಿಕ್ಕಿನ್ಯಾಗ ಆಯಿಲ್ ಮಟ್ಟ ಏರಿದ್ರ ಖುಷಿ ಪಡಬ್ಯಾಡ್ರಿ, ಅದು ಡೀಸೆಲ್ ಕೂಡಿದ್ದು, ಆಯಿಲ್ ಬದಲಿಸೂದ.

ನವನಗರದಾಗ ಬರೇ ಶಾಲಿ, ಸಂತಿ ಅಂತ ಮೂರು-ನಾಕು ಕಿ.ಮೀ. ಓಡಸೂ ವಾರ ಇದ್ರ, ವಾರಕ್ಕೊಮ್ಮೆ ಹೈವೇದಾಗ 20–25 ನಿಮಿಷ 60ರ ಮ್ಯಾಲೆ, ಒಂದು ಗೇರ್ ಕೆಳಗ ಇಟ್ಟು 2,000 ಆರ್‌ಪಿಎಂ ದಾಟಿಸಿ ಓಡಸ್ರಿ. ನಿಮ್ಮ ವಿಜಯಪುರ ಟ್ರಿಪ್ ಅದಕ್ಕ ಸಾಕು. ಆಯಿಲ್ ಪುಸ್ತಕದಾಗ ಬರದ ದರ್ಜೆದ್ದೇ ಹಾಕ್ರಿ. ಬೂದಿ ಕಡಿಮಿ ಇರೋ ಆಯಿಲ್ ಬೇಕು, ಹಳೇ ಡೀಸೆಲ್ ಆಯಿಲ್ ಹಾಕಿದ್ರ ಅದರ ಬೂದಿ ಜಾಳಗಿಯಾಗ ಕುಂತ್ರ ಸುಟ್ಟೂ ಹೋಗಂಗಿಲ್ಲ.

ಡಿಇಎಫ್ (ಹೊಗಿ ಶುದ್ಧ ಮಾಡೂ ದ್ರವ) ತೊಟ್ಟಿ ಇರೋ ಗಾಡಿ ಆದ್ರ ನೀಲಿ ಮುಚ್ಚಳ ಬ್ಯಾರೆ ಇರತೈತಿ. ಅದು 32.5% ಯೂರಿಯಾ, ಉಳಿದದ್ದು ಶುದ್ಧ ನೀರು. ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರದ್ರ ಚಾವಿನೂ ತಿರುವಬ್ಯಾಡ್ರಿ, ಹಂಗ ಎಳಸ್ಕೊಂಡು ಹೋಗ್ರಿ. ಪಂಪ್ ಚಾಲೂ ಆತಂದ್ರ ಇಂಜೆಕ್ಟರ್ ತನಕ ಹೋಗತೈತಿ. ಹೊಲದ ಯೂರಿಯಾ ಕಲಸಿ ಹಾಕಿದವರ ಮಾತು ಇಲ್ಲಿ ಬ್ಯಾಡ.

ನವನಗರ_ಸೆಕ್ಟರ್

ಬಾಳ ಉಪಕಾರ ಎಲ್ಲಾರದೂ. ಟೇಪು, ಥರ್ಮಾಮೀಟರ್ ಎರಡೂ ತಗೊಂಡೇನಿ. ಮರಾಝೊ ಬಂದ್ ಆತಲ್ಲ, ಬಿಡಿಭಾಗದ ಬಗ್ಗೆ ಅಂಜಿಕಿ. ಇನ್ನ ಒಂದು: ಏಳೂ ಮಂದಿ ಕುಂತ ಮ್ಯಾಲೆ ಲಗೇಜು? ಸವದತ್ತಿಗೆ ಹೋದ್ರ ರೊಟ್ಟಿ ಗಂಟು, ಪಾತ್ರಿ, ಹಾಸಿಗಿ ಎಲ್ಲಾ ಇರತೈತಿ.

ಮಲಪ್ರಭಾ_ದಂಡಿ

ಮೂರೂ ಸಾಲು ನಿಂತಾಗ ಡಿಕ್ಕಿ: ಕ್ರಿಸ್ಟಾ 300 ಲೀಟರ್, ಕಾರೆನ್ಸ್ 216, ಮರಾಝೊ 190. 216 ಅಂದರೆ ಎರಡು ಮಧ್ಯಮ ಚೀಲ, ರೊಟ್ಟಿ ಗಂಟು, ಅಷ್ಟೇ. ಮೂರನೇ ಸಾಲಿನ ಒಂದು ಸೀಟು ಮಡಚಿದರೆ ಲೆಕ್ಕ ಬದಲಾಗುತ್ತದೆ. ಕ್ರಿಸ್ಟಾದಲ್ಲಿ ಮಡಚಿದ ಸೀಟು ಪಕ್ಕಕ್ಕೆ ಎದ್ದು ಕಿಟಕಿಗೆ ಒರಗಿ ನಿಲ್ಲುತ್ತದೆ, ಅಗಲ ತಿನ್ನುತ್ತದೆ, ಹಿಂದಿನ ನೋಟವನ್ನೂ. ಕಾರೆನ್ಸ್‌ನಲ್ಲಿ ನೆಲಕ್ಕೆ ಸಮವಾಗಿ ಮಲಗುತ್ತದೆ. ಈ ಒಂದು ವಿಷಯದಲ್ಲಿ ಚಿಕ್ಕ ಗಾಡಿಯ ವಿನ್ಯಾಸವೇ ಶಾಣ್ಯಾ.

ತೂಕವನ್ನೂ ನೋಡಿ. ಆರ್‌ಸಿಯಲ್ಲಿ ಖಾಲಿ ತೂಕ ಬರೆದಿರುತ್ತದೆ, ಪುಸ್ತಕದಲ್ಲಿ ಒಟ್ಟು ತೂಕದ ಮಿತಿ ಇರುತ್ತದೆ. ಎರಡರ ವ್ಯತ್ಯಾಸದಲ್ಲಿ ಏಳು ಮಂದಿ, ತಲಾ 65 ಕೆ.ಜಿ. ಹಿಡಿದರೂ 455 ಕೆ.ಜಿ. ಕಳೆಯಿರಿ. ಉಳಿದದ್ದು ಲಗೇಜು. ಮಾಳಿಗೆಯ ಮೇಲೆ ಕ್ಯಾರಿಯರ್ ಕಟ್ಟುವುದಾದರೆ ಹಾಸಿಗೆ, ಚಾದರದಂಥ ಹಗುರಾದದ್ದು ಮಾತ್ರ. ಪಾತ್ರೆ ಕೆಳಗೆ, ಮೂರನೇ ಸೀಟಿನ ಬೆನ್ನಿಗೆ ಒತ್ತಿ ಇಡಿ. ಸೀಟಿನ ಬೆನ್ನಿಗಿಂತ ಎತ್ತರಕ್ಕೆ ಪೇರಿಸಿದರೆ ಬ್ರೇಕ್ ಹಾಕಿದಾಗ ಅದು ಮಕ್ಕಳ ತಲೆಗೆ ಬರುತ್ತದೆ.

ಉದ್ಯಮಬಾಗ_ಫಿಟರ್

ಡಿಕ್ಕಿ ತುಂಬೂ ಮುಂಚೆ ಇನ್ನೊಂದು. ಕ್ರಿಸ್ಟಾದ ಸ್ಟೆಪ್ನಿ ಹಿಂದ ಗಾಡಿ ತಳದಾಗ ಸರಪಳಿಗೆ ಜೋತಿರತೈತಿ. ರಾಡು ಹಾಕಿ ತಿರುವಿ ಕೆಳಗ ಇಳಸಬೇಕು. ಎರಿ ಮಣ್ಣು, ಮಳಿ ನೀರು ಕೂತು ಆ ವಿಂಚ್ ಜಾಮ್ ಆಗತೈತಿ, ಪಂಕ್ಚರ್ ಆದ ದಿನಾನ ಗೊತ್ತಾಗತೈತಿ. ಆರು ತಿಂಗಳಿಗೊಮ್ಮೆ ಪೂರ್ತಿ ಇಳಿಸಿ, ಸರಪಳಿ ತೊಳದು, ಒಂಚೂರು ಎಣ್ಣಿ ಬಿಟ್ಟು, ಸ್ಟೆಪ್ನಿ ಹವಾ ನೋಡಿ ಮ್ಯಾಲೆ ಏರಸ್ರಿ. ಜಾಕು, ರಾಡು, ಗಾಲಿ ಪಾನಾ ಎಲ್ಲಿ ಅದಾವ ಅಂತ ಗಾಡಿ ತಗೊಳ್ಳೂ ದಿನಾನ ನೋಡ್ಕೋರಿ. ರೊಟ್ಟಿ ಗಂಟಿನ ಕೆಳಗ ಅವನ್ನ ಹೂಳಬ್ಯಾಡ್ರಿ.